ಆರನೆಯ ಬಾಗಿಲ ಸರದಿ

ಆ ಮನೆಯಲ್ಲಿ ಆರು ಬಾಗಿಲುಗಳಿದ್ದವು, ಬಾಗಿಲಿಗೊಂದು ಬಿಡಾರ, ಎಲ್ಲಕ್ಕೂ ಸೇರಿ ಒಂದು ಬೋರ್ಡು ಇತ್ತು. ಅಂಗೈಯಗಲದ ಮರದ ಹಲಗೆ. ಮೇಲೆ ಕಪ್ಪು ಅಕ್ಷರದಲ್ಲಿ 'ಗುಡಿಸುವ ವಾರ' ಎಂದು ಬರೆದು ಸಣಬಿನ ದಾರ ಕಟ್ಟಿತ್ತು. ಅದು ಯಾರ ಬಾಗಿಲ ಹಿಡಿಗೆ ನೇತುಬೀಳುತ್ತದೋ ಅವರು ಆ ವಾರ ಮೂರು ಅಂತಸ್ತಿನ ಮೆಟ್ಟಿಲು ಗುಡಿಸಿ ಒರೆಸಬೇಕು. ನೆಲಮಾಳಿಗೆಗೆ ಇಳಿಯುವ ಹನ್ನೊಂದು ಮೆಟ್ಟಿಲು ಅದರಲ್ಲಿ ಸೇರಿತು, ಎದುರಿನ ಫುಟ್‌ಪಾತೂ ಸೇರಿತು, ಹಿಮ ಬಿದ್ದರೆ ಹಿಮವೂ. ಭಾನುವಾರ ಸಂಜೆ ಬೋರ್ಡನ್ನು ಮುಂದಿನ ಬಾಗಿಲಿಗೆ ದಾಟಿಸಬೇಕು. ಸ್ಟುಟ್‌ಗಾರ್ಟ್ ಊರಿನವರು ದೇವರ ವಿಷಯದಲ್ಲಿ ಎರಡು ಪಂಗಡ, ರಾಜಕೀಯದಲ್ಲಿ ಐದಾರು. ಮೆಟ್ಟಿಲಿನ ವಿಷಯದಲ್ಲಿ ಮಾತ್ರ ಒಂದೇ ಮತ.

ಆ ಮತದ ಹಿರಿಯ ಗುರು ನೆಲ ಅಂತಸ್ತಿನ ಎಡಬಾಗಿಲಿನ ಫ್ರೌ ಐಸೆಲೆ, ನಮ್ಮಲ್ಲಾದರೆ ಐಸೆಲೆಯಮ್ಮ. ವಯಸ್ಸು ಎಪ್ಪತ್ತೆಂಟು, ಟ್ರಾಮ್ ಓಡಿಸುತ್ತಿದ್ದವನ ವಿಧವೆ, ಆ ಮನೆಯಲ್ಲಿ ನಲವತ್ತನಾಲ್ಕನೆಯ ವರ್ಷ. ಫೆಬ್ರವರಿ ಒಂದರಂದು, ಮೇಲಂತಸ್ತಿನ ಬಲಬಾಗಿಲಿಗೆ ಹೊಸ ಬಾಡಿಗೆದಾರ ಬಂದ ದಿನ, ಅವಳು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಬುಡದಲ್ಲಿ ನಿಂತು ಅವನನ್ನು ಬೂಟಿನಿಂದ ಟೋಪಿಯವರೆಗೆ ನೋಡಿದಳು. ಆಮೇಲೆ ಮತ್ತೆ ಬೂಟಿಗೆ ಬಂದಳು.

"ಕಾಲೊರೆಸೋದು ಎರಡಿದೆ. ಒಂದು ಬಾಗಿಲ ಹೊರಗೆ, ಇನ್ನೊಂದು ಒಳಗೆ. ಎರಡೂ ತೋರ್ಸೋಕಲ್ಲ ಇಟ್ಟಿರೋದು."

"ಗೊತ್ತಾಯ್ತು," ಎಂದ ಆಲ್ವಿನ್ ಲೈಬೋಲ್ಡ್.

"ಶನಿವಾರ ಮಧ್ಯಾಹ್ನದೊಳಗೆ ಮೆಟ್ಟಿಲು ಮುಗಿದಿರ್ಬೇಕು. ಮೊದಲು ಒಣ ಪೊರಕೆ, ಆಮೇಲೆ ಒದ್ದೆ ಬಟ್ಟೆ. ಬಟ್ಟೆ ಹಿಂಡ್ಬೇಕು. ಕೆಲವರು ಹಿಂಡೋದೇ ಇಲ್ಲ, ಮೀನು ಸಾಕೋರ ಹಾಗೆ ನೀರು ನಿಲ್ಲಿಸಿ ಹೋಗ್ತಾರೆ."

"ಹಿಂಡ್ತೀನಿ."

"ಮೂಲೆ," ಎಂದಳು ಫ್ರೌ ಐಸೆಲೆ. ಆ ಒಂದು ಶಬ್ದವನ್ನು ಒಂದು ವಾಕ್ಯದಂತೆ ಮುಗಿಸಿ ಒಳಗೆ ಹೋದಳು.

ಇದೆಲ್ಲವನ್ನೂ ಪಕ್ಕದಲ್ಲಿ ನಿಂತು ಕೇಳುತ್ತಿದ್ದವಳು ಗುಡ್ರುನ್ ರಾಪ್. ಬೀದಿಯಲ್ಲಿ ಬಾಳುವವರಿಗೆ ಮನೆ ಹುಡುಕಿಕೊಡುವ ಕಚೇರಿಯೊಂದರಲ್ಲಿ ಅವಳದು ಇಪ್ಪತ್ತೆರಡು ವರ್ಷದ ಕೆಲಸ. ಆಲ್ವಿನ್ ಹದಿನೇಳು ವರ್ಷ ಹೊರಗಿದ್ದವನು, ಅದರಲ್ಲಿ ಒಂಬತ್ತು ವರ್ಷ ಒಂದೇ ಸೇತುವೆಯ ಕೆಳಗೆ, ಒಂದೇ ಕಂಬದ ಬದಿಗೆ. ಬೆಳಿಗ್ಗೆ ಐದಕ್ಕೆ ನಗರಸಭೆಯ ತೊಳೆಯುವ ಗಾಡಿ ಬರುತ್ತಿತ್ತು; ಅದರ ನೀರು ಕಾಲಿಗೆ ತಾಕುವ ಮೊದಲು ಹಾಸಿಗೆ ಸುತ್ತುವುದು ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಅವನನ್ನು ಆ ಕಂಬದಿಂದ ಎಬ್ಬಿಸಲು ಗುಡ್ರುನ್‌ಗೆ ನಾಲ್ಕು ವರ್ಷ ಹಿಡಿದಿತ್ತು. ಈಗ ಸಿಕ್ಕಿದ್ದೂ ಪೂರ್ತಿ ಸಿಕ್ಕ ಮನೆಯಲ್ಲ. ಒಂದು ವರ್ಷ ಬಾಡಿಗೆ ಕಾಗದ ಕಚೇರಿಯ ಹೆಸರಿನಲ್ಲಿ. ವರ್ಷ ಸರಿಯಾಗಿ ಕಳೆದರೆ ಆಲ್ವಿನ್‌ನ ಹೆಸರಿಗೆ. ಸರಿಯಾಗಿ ಕಳೆಯಿತೋ ಇಲ್ಲವೋ ಎಂದು ಮನೆಯ ಮಾಲೀಕ ತಿಳಿದುಕೊಳ್ಳುವುದು ಒಂದೇ ಒಂದು ಫೋನಿನಿಂದ, ಆ ಫೋನು ಹೋಗುವುದು ಫ್ರೌ ಐಸೆಲೆಗೆ.

ಮೇಲೆ ಹತ್ತಿ ಬಾಗಿಲು ತೆಗೆಯುವಾಗ ಆಲ್ವಿನ್‌ನ ಬೀಗದ ಕೈ ಎರಡು ಸಲ ಗುರಿ ತಪ್ಪಿತು. ಚಳಿಗಿರಬಹುದು. ಗುಡ್ರುನ್‌ಗೆ ಹಾಗೆ ಕಾಣಲಿಲ್ಲ. ಅವಳಿಗೆ ಕುನೋ ನೆನಪಾದ.

ಕುನೋನನ್ನೂ ಅವಳೇ ಒಂದು ಮನೆಗೆ ಸೇರಿಸಿದ್ದಳು, ಮೂರು ಚಳಿಗಾಲದ ಹಿಂದೆ. ಅವನು ಮೆಟ್ಟಿಲು ಗುಡಿಸುತ್ತಿಲ್ಲ ಎಂದು ಆ ಮನೆಯವರು ಮೂರು ಪತ್ರ ಬರೆದರು. ಮೂರನೆಯದು ಬಂದಾಗ ಗುಡ್ರುನ್ ರಜೆಗೆ ಹೊರಟಿದ್ದಳು. ಬಂದ ಮೇಲೆ ನೋಡಿದರಾಯಿತು ಎಂದು ಮೇಜಿನ ತಟ್ಟೆಯಲ್ಲಿ ಮಗುಚಿಟ್ಟು ಹೋದಳು. ಹದಿನೈದು ದಿನ ಸಮುದ್ರದ ಬಿಸಿಲು ಕಾಯಿಸಿಕೊಂಡು ಬಂದಾಗ ಕುನೋ ಮನೆ ಬಿಟ್ಟಿದ್ದ. ಜನವರಿಯಲ್ಲಿ ನದಿ ದಂಡೆಯ ಗುಡಾರವೊಂದರಲ್ಲಿ ಹೆಣವಾಗಿ ಸಿಕ್ಕಿದ. ಯಾರೂ ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಹೇಳಿಯಾದರೂ ಮುಗಿಸಬಹುದಿತ್ತು.

ಹಾಗಾಗಿ ಆ ದಿನವೇ, ಇಳಿದು ಬರುವ ಮೊದಲೇ, ಅವಳು ಆಲ್ವಿನ್‌ನ ಎದುರು ಬಾಗಿಲು ತಟ್ಟಿದಳು. ಅಲ್ಲಿ ಸ್ನೆಜಾನಾ ಎಂಬ ಆಸ್ಪತ್ರೆ ನರ್ಸು. ಅವಳದು ಐದನೆಯ ಬಾಗಿಲು, ಆಲ್ವಿನ್‌ನದು ಆರನೆಯದು; ಬೋರ್ಡು ಅವನಿಗೆ ದಾಟುವುದು ಅವಳ ಕೈಯಿಂದ.

"ಅವರ ಸರದಿ ಬಂದಾಗ ಬೋರ್ಡನ್ನ ಅವರ ಬಾಗಿಲಿಗೆ ಹಾಕ್ಬೇಡಿ. ಕರೆಂಟು ಮೀಟರಿನ ಗೂಡಲ್ಲಿ ಇಟ್ಟುಬಿಡಿ. ಉಳಿದದ್ದು ನಾನು ನೋಡ್ಕೋತೀನಿ."

"ಅಂದ್ರೆ ಗುಡಿಸೋದು?"

"ವ್ಯವಸ್ಥೆ ಇದೆ," ಎಂದಳು ಗುಡ್ರುನ್. ಕಚೇರಿಯಲ್ಲಿ ಯಾವುದಕ್ಕೂ ವ್ಯವಸ್ಥೆ ಇಲ್ಲದಿದ್ದಾಗ ಹೇಳುವ ಮಾತು ಅದು.

ಸ್ನೆಜಾನಾ ರಾತ್ರಿ ಪಾಳಿ ಮುಗಿಸಿ ಬಂದ ಕಣ್ಣಲ್ಲಿ ಅವಳನ್ನು ನೋಡಿದಳು. "ನಂಗೇನು, ಎಲ್ಲಿಟ್ರೂ ಒಂದೇ. ಆದ್ರೆ ಆತನಿಗೆ ಗೊತ್ತಾದ್ರೆ?"

"ಒಂದು ವರ್ಷ ಅಷ್ಟೆ."

ವ್ಯವಸ್ಥೆ ಎಂದರೆ ಗುಡ್ರುನ್ ತಾನೇ. ಶನಿವಾರ ಬೆಳಿಗ್ಗೆ ಏಳಕ್ಕೆ ಆಲ್ವಿನ್ ಸೇತುವೆಯ ಹತ್ತಿರದ ಚರ್ಚಿನ ತಿಂಡಿಗೆ ಹೋಗುತ್ತಿದ್ದ, ಹಳೆಯ ಅಭ್ಯಾಸ. ಅದೇ ಹೊತ್ತಿಗೆ ಫ್ರೌ ಐಸೆಲೆ ಚಕ್ರದ ಚೀಲ ಎಳೆದುಕೊಂಡು ವಾರದ ಸಂತೆಗೆ. ಅವಳು ಹತ್ತಕ್ಕೆ ಮರಳುವವರೆಗೆ ಮೆಟ್ಟಿಲು ಖಾಲಿ. ಆರು ವಾರಕ್ಕೊಮ್ಮೆ ಗುಡ್ರುನ್ ಕಾರಿನ ಡಿಕ್ಕಿಯಿಂದ ಪೊರಕೆ, ಬಕೆಟ್ಟು ತೆಗೆದು, ಕಚೇರಿಯ ಬಳಿಯಿದ್ದ ಇನ್ನೊಂದು ಬೀಗದ ಕೈಯಿಂದ ಬೀದಿ ಬಾಗಿಲು ತೆರೆದು, ಕಳ್ಳಿಯಂತೆ ಒಳಗೆ ನುಗ್ಗುತ್ತಿದ್ದಳು. ಮನೆಗೆ ಕನ್ನ ಹಾಕಲು ಬಕೆಟ್ಟು ಹಿಡಿದು ಬಂದ ಮೊದಲ ಕಳ್ಳಿ ತಾನೇ ಇರಬೇಕು ಎಂದು ಮೊದಲ ಸಲ ನಗು ಬಂತು. ಎರಡನೆಯ ಸಲ ಬರಲಿಲ್ಲ. ಕೆಲಸ ಮುಗಿಸಿ, ಭಾನುವಾರಕ್ಕೆ ಕಾಯದೆ, ಬೋರ್ಡನ್ನು ಒಂದನೆಯ ಬಾಗಿಲಿಗೆ, ಅಂದರೆ ಫ್ರೌ ಐಸೆಲೆಯ ಹಿಡಿಗೆ, ನೇತುಹಾಕಿ ಓಡುವಳು.

ಒಂದು ಸಂಗತಿಯನ್ನು ಮಾತ್ರ ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವಳ ಸ್ವಂತ ಮನೆಯಲ್ಲಿ ಗುಡಿಸುವ ವಾರ ಇಲ್ಲ. ಅಲ್ಲಿನವರೆಲ್ಲ ಸೇರಿ ಹನ್ನೊಂದು ವರ್ಷದ ಹಿಂದೆಯೇ ಅದನ್ನು ಒಂದು ಕಂಪನಿಗೆ ವಹಿಸಿದ್ದರು. ಗುಡ್ರುನ್‌ಗೆ ಮೆಟ್ಟಿಲು ಗುಡಿಸುವ ರೂಢಿ ಹೋಗಿಬಿಟ್ಟಿತ್ತು.

ಆಲ್ವಿನ್‌ನ ಮನೆಯಲ್ಲಿ ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ. ಮಂಚದ ಮೇಲೆ ಅವನು ಬಟ್ಟೆ ಇಡುತ್ತಿದ್ದ. ಮಲಗುತ್ತಿದ್ದುದು ಬಾಲ್ಕನಿ ಬಾಗಿಲ ಬಳಿ ನೆಲದ ಮೇಲೆ, ಬಾಗಿಲು ಒಂದು ಬೆರಳಷ್ಟು ತೆರೆದು. ಬೆಳಿಗ್ಗೆ ಐದಕ್ಕೆ ಈಗಲೂ ಎದ್ದು ಹಾಸಿಗೆ ಸುತ್ತುತ್ತಾನೆ ಎಂದು ಅವನೇ ಹೇಳಿದ, ಯಾರೋ ದೂರದ ನೆಂಟನ ಖಯಾಲಿಯನ್ನು ಹೇಳಿದ ಹಾಗೆ. ಗುಡ್ರುನ್ ಬುಧವಾರಗಳಲ್ಲಿ ಬಂದು ಕಾಫಿ ಕುಡಿದು ಹೋಗುತ್ತಿದ್ದಳು. ಮಾರ್ಚ್ ಕೊನೆಯ ಒಂದು ಬುಧವಾರ ಗೋಡೆಗೆ ಒರಗಿ ಒಂದು ಹೊಸ ಪೊರಕೆ ನಿಂತಿತ್ತು. ಪಕ್ಕದಲ್ಲಿ ನೀಲಿ ಬಕೆಟ್ಟು, ಬಕೆಟ್ಟಿನ ಅಂಚಿಗೆ ಮಡಿಸಿಟ್ಟ ಬೂದು ಬಟ್ಟೆ, ಕಸದ ಮೊರ. ಪೊರಕೆಯ ಹಿಡಿಗೆ ಅಂಗಡಿಯ ಚೀಟಿ ಹಾಗೇ ಇತ್ತು.

"ಕುದುರೆ ಕೂದಲಿಂದು," ಎಂದ ಆಲ್ವಿನ್. "ಪ್ಲಾಸ್ಟಿಕ್ಕು ಧೂಳನ್ನ ಬರೀ ಮಾತಾಡಿಸುತ್ತೆ, ಎತ್ತಲ್ಲ."

"ಚೆನ್ನಾಗಿದೆ," ಎಂದಳು ಗುಡ್ರುನ್. ಕಾಫಿ ಇದ್ದಕ್ಕಿದ್ದಂತೆ ಕಹಿಯಾಯಿತು.

"ಫ್ರೌ ರಾಪ್, ಒಂದು ಮಾತು. ಆ ಬೋರ್ಡು ಕೆಳಗಿಂದ ಒಂದೊಂದೇ ಬಾಗಿಲು ಹತ್ತಿ ಬಂತು. ನಾನು ನೋಡ್ತಾನೇ ಇದ್ದೆ. ಎರಡು ವಾರದ ಹಿಂದೆ ಎದುರು ಮನೆ ನರ್ಸಮ್ಮನ ಬಾಗಿಲಲ್ಲಿತ್ತು. ಸರಿ, ಇನ್ನು ನಮ್ಮದೇ ಅಂತ ಶುಕ್ರವಾರ ಹೋಗಿ ಇದೆಲ್ಲ ತಂದೆ. ಹೋದ ಸೋಮವಾರ ನೋಡಿದ್ರೆ ಎಲ್ಲೂ ಇಲ್ಲ. ಈಗ ಕೆಳಗೆ ಐಸೆಲೆಯಮ್ಮನ ಬಾಗಿಲಲ್ಲಿ ತೂಗಾಡ್ತಿದೆ."

ಹೇಳಿಬಿಡುವುದಕ್ಕೆ ಅದು ಸರಿಯಾದ ಗಳಿಗೆ. ಗುಡ್ರುನ್‌ಗೆ ಆಮೇಲೆ ಎಷ್ಟೋ ಸಲ ಅದು ನೆನಪಾಯಿತು: ಕುರ್ಚಿ, ಕಿಟಕಿಯ ಬೆಳಕು, ಪೊರಕೆಯ ಚೀಟಿ, ಬಾಯಿ ತೆರೆದ ತಾನು.

"ಕಚೇರಿ ಮೂಲಕ ಬಂದವರಿಗೆ ಮೊದಲ ವರ್ಷ ವಿನಾಯ್ತಿ," ಎಂದಳು.

"ವಿನಾಯ್ತಿ?"

"ಹೌದು. ನೀವು ನೆಲೆಯೂರೋವರೆಗೆ."

"ಹೆರಿಗೆ ಆದೋರಿಗೆ ಕೊಡ್ತಾರಲ್ಲ, ಹಾಗಾ?" ಆಲ್ವಿನ್ ನಕ್ಕ. ನಗು ಬೇಗ ಮುಗಿಯಿತು. "ನಾನು ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದೋನು, ಫ್ರೌ ರಾಪ್. ರಸಮಟ್ಟ ಇಟ್ಟು ನೋಡಿದ್ರೆ ಗುಳ್ಳೆ ನಡುವಲ್ಲೇ ನಿಲ್ಬೇಕು, ಅಂಥ ಗೋಡೆ. ಮೂಲೆ ಅಂದ್ರೆ ಏನು ಅಂತ ಆ ಅಜ್ಜಿಗಿಂತ ನಂಗೇ ಜಾಸ್ತಿ ಗೊತ್ತು."

"ಗೊತ್ತು, ಗೊತ್ತು."

"ಆ ವಾರ ಮತ್ಯಾರು ಮಾಡ್ತಾರೆ?"

"ವ್ಯವಸ್ಥೆ ಇದೆ."

ಅವನು ಪೊರಕೆಯನ್ನು ನೋಡಿದ. ಮತ್ತೆ ಆ ವಿಷಯ ಎತ್ತಲಿಲ್ಲ. ಚೀಟಿಯನ್ನೂ ತೆಗೆಯಲಿಲ್ಲ.

ಏಪ್ರಿಲ್, ಜೂನ್, ಜುಲೈ, ಆಗಸ್ಟ್. ಪ್ರತಿ ಸಲ ಗುಡ್ರುನ್ ಈ ಸಲವೇ ಕೊನೆ ಎಂದುಕೊಂಡು ಮೆಟ್ಟಿಲು ಹತ್ತುವಳು. ಮುಂದಿನ ಬುಧವಾರ ಹೇಳಿಬಿಡೋಣ ಎಂದುಕೊಂಡು ಇಳಿಯುವಳು. ಬುಧವಾರ ಆಲ್ವಿನ್ ಬಾಗಿಲು ತೆರೆದ ಕೂಡಲೇ ಅವಳ ಕಣ್ಣು ಮೊದಲು ಹೋಗುವುದು ಪೊರಕೆಯ ಕಡೆಗೆ, ಅದು ಮನೆಯಲ್ಲಿ ಕೂತ ಮೂರನೆಯವರಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಹೇಳಿದರೆ ಅವನು ಮನೆ ಬಿಟ್ಟು ಹೋಗುತ್ತಾನೆ ಎಂಬ ಹೆದರಿಕೆಯನ್ನು ಅವಳು ಕಾಳಜಿ ಎಂದು ಕರೆದುಕೊಂಡಳು. ಕಚೇರಿಯ ಸಭೆಯಲ್ಲಿ ಆಲ್ವಿನ್‌ನನ್ನು ಯಶಸ್ಸಿನ ಉದಾಹರಣೆ ಎಂದು ಓದಿ ಹೇಳಿದರು, ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಗುಡ್ರುನ್ ನೋಟ್‌ಬುಕ್ಕಿನಲ್ಲಿ ಪೊರಕೆಯ ಚಿತ್ರ ಬರೆಯುತ್ತ ಕೂತಿದ್ದಳು.

ಅಕ್ಟೋಬರಿನ ಸರದಿ ಮುಗಿದ ಮಂಗಳವಾರ ಕಚೇರಿಗೆ ಫ್ರೌ ಐಸೆಲೆಯ ಪತ್ರ ಬಂತು. ಒಂದು ಪ್ರತಿ ಮಾಲೀಕನಿಗೆ, ಒಂದು ಕಚೇರಿಗೆ; 'ಮಾನ್ಯ ಹೆರ್ ಲೈಬೋಲ್ಡ್ ಅವರಿಗೆ' ಎಂಬುದು ಹಿಂದಿನ ದಿನವೇ ಅವನ ಬಾಗಿಲಡಿ ಸೇರಿತ್ತು. ಗೆರೆ ಎಳೆದಂತೆ ನೇರ ಅಕ್ಷರ.

"ಮೇಲಂತಸ್ತಿನ ಬಲಬಾಗಿಲಿನ ಸರದಿಯನ್ನು ನಾನು ಏಪ್ರಿಲಿನಿಂದ ಗಮನಿಸುತ್ತ ಬಂದಿದ್ದೇನೆ. ಮೂಲೆಗಳಿಗೆ ಪೊರಕೆ ತಾಗಿಲ್ಲ. ಬಟ್ಟೆ ಹಿಂಡದೆ ಒರೆಸಿದ ಕಲೆಗಳಿವೆ. ಆಗಸ್ಟಿನಲ್ಲಿ ನೆಲಮಾಳಿಗೆಯ ಕೊನೆಯ ಮೆಟ್ಟಿಲ ಮೂಲೆಯಲ್ಲಿ ನಾನು ಬೇಕೆಂದೇ ಒಂದು ಬೆಂಕಿಕಡ್ಡಿ ಇಟ್ಟಿದ್ದೆ. ಮಂಗಳವಾರ ನಾನೇ ಅದನ್ನು ಎತ್ತಬೇಕಾಯಿತು. ಅಕ್ಟೋಬರಿನಲ್ಲಿ ಮತ್ತೊಂದು ಇಟ್ಟೆ. ಅದೂ ಅಲ್ಲೇ ಇದೆ. ಹೀಗೆ ಕೆಲಸ ಮಾಡುವವರ ಹೆಸರಿಗೆ ಕಾಗದ ಆಗುವುದು ನನಗೆ ಒಪ್ಪಿಗೆಯಿಲ್ಲ."

ಗುಡ್ರುನ್ ಪತ್ರವನ್ನು ಮೂರು ಸಲ ಓದಿದಳು. ಅವನ ಮನೆ ಉಳಿಯಲಿ ಎಂದು ಆರು ಸಲ ಮೊಣಕಾಲೂರಿ ಅವಳೇ ಸಂಪಾದಿಸಿಕೊಟ್ಟ ದೂರು ಅದು. ಈ ಪತ್ರವನ್ನು ತಟ್ಟೆಯಲ್ಲಿ ಮಗುಚಿಡಲಿಲ್ಲ ಎಂಬುದೊಂದೇ ಸಮಾಧಾನ. ಅಷ್ಟು ಸಣ್ಣ ಸಮಾಧಾನ ಹುಡುಕಿಕೊಂಡಿದ್ದಕ್ಕೂ ನಾಚಿಕೆಯಾಯಿತು.

ಅರ್ಧ ಗಂಟೆಯಲ್ಲಿ ಅವಳು ಮೇಲಂತಸ್ತಿನಲ್ಲಿದ್ದಳು. ಬಾಗಿಲು ತಟ್ಟಿದರೆ ಉತ್ತರವಿಲ್ಲ. ಸ್ನೆಜಾನಾ ತನ್ನ ಬಾಗಿಲು ತೆರೆದಳು.

"ನಿನ್ನೆ ಸಂಜೆ ಹೋದ. ಕೈಯಲ್ಲಿ ಒಂದು ಕಾಗದ ಇತ್ತು. ನಾನು ಮೆಟ್ಟಿಲು ಗುಡಿಸಿದ್ದನ್ನ ನೀನೇನಾದ್ರೂ ನೋಡಿದ್ಯಾ ಅಂತ ಕೇಳಿದ. ಇಲ್ಲ ಅಂದೆ. ಅದು ನಿಜಾನೇ ತಾನೆ?" ಸ್ವಲ್ಪ ತಡೆದು ಸೇರಿಸಿದಳು: "ನಾನು ಸುಳ್ಳು ಹೇಳ್ಲಿಲ್ಲ, ನೋಡಿ. ಆದ್ರೂ ನಿದ್ದೆ ಬರ್ಲಿಲ್ಲ."

ಗುಡ್ರುನ್ ಕಚೇರಿಯ ಬೀಗದ ಕೈಯಿಂದ ಬಾಗಿಲು ತೆರೆದಳು. ತೆರೆಯಬಾರದಿತ್ತು, ಅದೂ ಅವಳ ತಪ್ಪುಗಳ ಪಟ್ಟಿಗೆ ಸೇರಿತು. ಮಂಚದ ಮೇಲೆ ಬಟ್ಟೆ ಇದ್ದವು. ಹಾಸಿಗೆ ಇರಲಿಲ್ಲ. ಗೋಡೆಗೆ ಒರಗಿದ್ದ ಪೊರಕೆಯೂ ಇರಲಿಲ್ಲ, ಬಕೆಟ್ಟೂ ಇರಲಿಲ್ಲ. ಮೇಜಿನ ಮೇಲೆ ಅಂಗಡಿಯ ಚೀಟಿ ಮಾತ್ರ ಬಿದ್ದಿತ್ತು.

ಸೇತುವೆಯ ಕೆಳಗೆ ಅವನು ಗುಡಿಸುತ್ತಿದ್ದ. ಅವಸರವಿಲ್ಲದೆ, ಕಂಬದ ಬುಡದಿಂದ ಹೊರಮುಖವಾಗಿ, ಪೊರಕೆಯನ್ನು ನೆಲದಿಂದ ಎತ್ತದೆ. ಗುಡಿಸಿದ ಜಾಗ ಒಂದು ಕೋಣೆಯಷ್ಟು ಅಗಲ, ಅದರ ನಾಲ್ಕು ಅಂಚು ನೂಲು ಹಿಡಿದಂತೆ ನೇರ. ಅಂಚಿನ ಆಚೆ ಎಲೆ, ಸಿಗರೇಟು ತುಂಡು, ಬಾಟಲಿ ಚೂರು ಎಂದಿನಂತಿದ್ದವು. ಲೋರೆ ಎಂಬ ಹೆಂಗಸು, ಆ ಸೇತುವೆಯ ಹಳಬಳು, ತನ್ನ ಮೂಟೆಗಳ ಮೇಲೆ ಕೂತು ಇದನ್ನು ನೋಡುತ್ತಿದ್ದಳು.

"ಬಾರಕ್ಕಾ, ಬಾ," ಎಂದು ಗುಡ್ರುನ್‌ಳನ್ನು ಕೂಗಿದಳು. "ನೋಡ್ಕೊಂಡು ಕಾಲಿಡು, ಯಜಮಾನ್ರು ಈಗಷ್ಟೇ ಒರೆಸಿದಾರೆ. ನನ್ನನ್ನೇ ಎರಡು ಸಲ ಎಬ್ಬಿಸಿ ಅಡಿ ಗುಡಿಸಿದ. ಏನು ತಿನ್ಸಿ ಕಳಿಸಿದೀರಿ ಇವನಿಗೆ? ಹೋಗೋವಾಗ ಮನುಷ್ಯ ಆಗಿದ್ದ, ಬರೋವಾಗ ಮನೆ ಒಡತಿ ಆಗಿ ಬಂದಿದಾನೆ."

"ಸುಮ್ನಿರೇ," ಎಂದ ಆಲ್ವಿನ್, ತಲೆಯೆತ್ತದೆ.

"ಸುಮ್ನೇ ಇದೀನಪ್ಪ. ನಾಳೆ ನನ್ನ ಕುತ್ತಿಗೆಗೂ ಬೋರ್ಡು ಕಟ್ತೀಯ, ಗೊತ್ತು."

ಗುಡ್ರುನ್ ಗುಡಿಸಿದ ಅಂಚಿನ ಹೊರಗೆ ನಿಂತಳು. ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ.

"ಪತ್ರ ಬಂತಾ?" ಎಂದಳು.

"ಬಂತು." ಅವನು ಪೊರಕೆಯನ್ನು ಕಂಬಕ್ಕೆ ಒರಗಿಸಿದ. "ಬೋರ್ಡನ್ನ ನನ್ನ ಬಾಗಿಲು ದಾಟಿಸಿ ಹೋಗ್ತಾರೆ. ಸರಿ, ವಿನಾಯ್ತಿ ಅಂದ್ರಿ, ನಂಬಿದೆ. ಈಗ ನಾನು ಮಾಡದೇ ಇದ್ದ ಕೆಲಸ ಕೆಟ್ಟದಾಗಿ ಮಾಡಿದೆ ಅಂತಾರೆ. ಕಳ್ಳ ಅಂದ್ರೂ ಸಹಿಸ್ತಿದ್ದೆ ಫ್ರೌ ರಾಪ್, ಬೀದಿಲಿ ಇದ್ದೋನು ಏನೇನೋ ಅನ್ನಿಸ್ಕೊಂಡಿದೀನಿ. ಮೂಲೆ ಬಿಟ್ಟೋನು ಅಂತ ಮಾತ್ರ ಯಾರೂ ಅಂದಿರ್ಲಿಲ್ಲ."

"ಅದು ನಾನು."

"ಏನು?"

"ಮೂಲೆ ಬಿಟ್ಟೋಳು ನಾನು. ಬೋರ್ಡು ತೆಗೆಸಿದ್ದೂ ನಾನೇ. ವಿನಾಯ್ತಿ ಅಂತ ಏನೂ ಇಲ್ಲ. ಶನಿವಾರ ನೀವು ತಿಂಡಿಗೆ ಹೋದಾಗ ಬಂದು ಗುಡಿಸ್ತಿದ್ದೆ. ಆರು ಸಲ."

ಮೇಲೆ ಸೇತುವೆಯ ಮೇಲೆ ಬಸ್ಸೊಂದು ಹೋಯಿತು. ಅದರ ಸದ್ದು ಪೂರ್ತಿ ಮುಗಿಯುವವರೆಗೆ ಆಲ್ವಿನ್ ಕಾದ.

"ಯಾಕೆ?"

"ನಿಮ್ಮ ಕೈಯಲ್ಲಿ ಆಗ್ಲಿಲ್ಲ ಅಂದ್ರೆ ಅಂತ ಹೆದರಿದೆ. ಕುನೋ ವಿಷಯ ನಿಮಗೆ ಗೊತ್ತಲ್ಲ."

"ಕುನೋ ನನ್ನ ಪಕ್ಕದ ಕಂಬದೋನು. ಗೊತ್ತಿಲ್ದೆ ಏನು." ಅವನ ದನಿ ಏರಲಿಲ್ಲ. "ಅವನಿಗೆ ಬೆನ್ನು ಬಗ್ತಿರ್ಲಿಲ್ಲ. ಹೇಳ್ಕೊಳ್ಳೋಕೆ ನಾಚಿಕೆ. ಯಾರಾದ್ರೂ ಹೋಗಿ ಕೇಳಿದ್ರೆ ಹೇಳ್ತಿದ್ದ. ಅವನ ಮನೆಗೆ ಹೋಗಿ ಗುಡಿಸ್ಬೇಕಿತ್ತು ನೀವು. ಅವನಿಗೆ ಗುಡಿಸೋದನ್ನ ನನ್ನ ಮನೇಲಿ ಗುಡಿಸಿದ್ರಿ."

ಗುಡ್ರುನ್‌ಗೆ ಮೂರು ವರ್ಷ ಯಾರೂ ಕೇಳದೇ ಇದ್ದ ಪ್ರಶ್ನೆಯ ಉತ್ತರವನ್ನು ಯಾರೋ ಬಂದು ಓದಿ ಹೇಳಿದಂತಾಯಿತು. ಕಣ್ಣು ತುಂಬಿತು. ಅಳುವುದಕ್ಕೂ ಹಕ್ಕು ಬೇಕು ಎನ್ನಿಸಿ ಮೂಗು ಒರೆಸಿಕೊಂಡಳು.

"ಕೀ," ಎಂದು ಅವನು ಕೈ ಚಾಚಿದ.

"ಯಾವುದು?"

"ನನ್ನ ಮನೇದು ಇನ್ನೊಂದು ಇದೆಯಲ್ಲ ನಿಮ್ಮ ಹತ್ರ."

ಕಚೇರಿಯ ನಿಯಮದ ಪ್ರಕಾರ ಅದನ್ನು ಕೊಡುವ ಹಾಗಿರಲಿಲ್ಲ. ಗುಡ್ರುನ್ ಗೊಂಚಲಿನಿಂದ ಅದನ್ನು ಬಿಡಿಸಿದಳು, ಉಗುರು ಮುರಿಯಿತು. ಅವನು ಅದನ್ನು ಜೇಬಿಗೆ ಹಾಕಿ, ಹಾಸಿಗೆ ಸುತ್ತಿ, ಬಕೆಟ್ಟು ಎತ್ತಿಕೊಂಡ.

"ನಡೀರಿ. ಆ ಅಜ್ಜಿ ಮುಂದೆ ಇದನ್ನೇ ಹೇಳಿ. ಒಂದಕ್ಷರ ಬಿಡ್ದೆ."

"ಮನೆ ಒಡತಿ ಹೊರಟ್ಳು," ಎಂದಳು ಲೋರೆ. "ಏ ಆಲ್ವಿನ್, ಈ ನೆಲ ಯಾರು ನೋಡ್ಕೋತಾರೆ?"

"ನೀನು. ಈ ವಾರ ನಿಂದು."

ಫ್ರೌ ಐಸೆಲೆ ಬಾಗಿಲ ಚೌಕಟ್ಟಿನಲ್ಲಿ ನಿಂತೇ ಎಲ್ಲವನ್ನೂ ಕೇಳಿದಳು. ಗುಡ್ರುನ್ ಫೆಬ್ರವರಿಯಿಂದ ಶುರುಮಾಡಿ, ಮೀಟರಿನ ಗೂಡು, ಶನಿವಾರದ ಸಂತೆ, ವಿನಾಯ್ತಿಯ ಸುಳ್ಳು, ಏನನ್ನೂ ಬಿಡದೆ ಹೇಳಿದಳು. ಇಪ್ಪತ್ತೆರಡು ವರ್ಷ ಬೇರೆಯವರ ಪರವಾಗಿ ಮಾತಾಡಿದ ನಾಲಿಗೆ ತನ್ನ ಬಗ್ಗೆ ಹೇಳುವಾಗ ಪದೇಪದೇ ಎಡವಿತು. ಆಲ್ವಿನ್ ಬಕೆಟ್ಟು ಹಿಡಿದು ಹಿಂದೆ ನಿಂತಿದ್ದ.

"ಅಂದ್ರೆ ಆ ಬೆಂಕಿಕಡ್ಡಿ ಬಿಟ್ಟೋರು ನೀವು," ಎಂದಳು ಫ್ರೌ ಐಸೆಲೆ.

"ನಾನೇ."

"ಎರಡು ಸಲಾನೂ?"

"ಎರಡು ಸಲಾನೂ."

"ಬಟ್ಟೆ ಹಿಂಡದೇ ಇದ್ದೋರು?"

"ಹೌದು, ಫ್ರೌ ಐಸೆಲೆ."

"ನೀವು ಈ ಊರೋರೇ ಅಲ್ವೇನ್ರೀ?"

"ಈ ಊರೋಳೇ. ಹುಟ್ಟಿದ್ದೂ ಇಲ್ಲೇ."

ಫ್ರೌ ಐಸೆಲೆ ಬಹಳ ಹೊತ್ತು ಅವಳನ್ನು ನೋಡಿದಳು. ಸುಳ್ಳು ಹೇಳಿದ್ದು, ಕದ್ದು ಬಂದದ್ದು ಎಲ್ಲಕ್ಕೂ ಅವಳ ಮುಖದಲ್ಲಿ ಎಲ್ಲೋ ಒಂದು ಜಾಗ ಸಿಗುತ್ತಿತ್ತು. ಈ ಕೊನೆಯದಕ್ಕೆ ಸಿಗಲಿಲ್ಲ. ನಂತರ ಆಲ್ವಿನ್‌ನ ಕಡೆ ತಿರುಗಿದಳು, ಅವನ ಕೈಯಲ್ಲಿದ್ದ ಪೊರಕೆಯ ಕಡೆ.

"ಕುದುರೆ ಕೂದಲಾ?"

"ಹೌದು."

"ಹ್ಞೂಂ." ಅವಳು ಏಪ್ರನ್ನು ನೇರ ಮಾಡಿಕೊಂಡಳು. "ಕಳಿಸಿದ ಪತ್ರ ವಾಪಸು ಬರಲ್ಲ. ಇನ್ನೊಂದು ಬರೀತೀನಿ, ಈ ಸಲ ಈ ಅಮ್ಮನ ಮೇಲೆ. ನಿಮ್ಮ ಸರದಿ ನವೆಂಬರ್ ಕೊನೇ ವಾರ. ಆಗ ನೋಡೋಣ."

ಆಲ್ವಿನ್ ಹೊರಗಿನ ಕಾಲೊರೆಸಿನ ಮೇಲೂ ಒಳಗಿನದರ ಮೇಲೂ ಬೂಟು ಉಜ್ಜಿ ಮೇಲೆ ಹತ್ತಿದ. ಗುಡ್ರುನ್ ಒಂದು ಮೆಟ್ಟಿಲು ಹತ್ತಿದ್ದಳು.

"ಬುಧವಾರ ಬೇಡ," ಎಂದ ಅವನು ತಿರುಗದೆ. "ಬನ್ನಿ ಅಂದಾಗ ಬನ್ನಿ."

ಅವನು ಬನ್ನಿ ಅನ್ನಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಕಚೇರಿ ಗುಡ್ರುನ್‌ಳಿಂದ ಲಿಖಿತ ವಿವರಣೆ ಕೇಳಿತು, ಅವಳು ಬರೆದುಕೊಟ್ಟಳು. ಮೇಲಧಿಕಾರಿ ಓದಿ, "ಇಷ್ಟೆಲ್ಲ ಬರೀಬೇಕಿರ್ಲಿಲ್ಲ, ಉದ್ದೇಶ ಒಳ್ಳೇದೇ ಇತ್ತಲ್ಲ" ಎಂದ. ಅವಳಿಗೆ ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಒಂದು ಸಂಜೆ ಅವಳು ಕುನೋನ ಹಳೆಯ ಕಡತ ತೆಗೆದು, ಮೂರನೆಯ ಪತ್ರವನ್ನು ಮೊದಲ ಬಾರಿಗೆ ಕೊನೆಯವರೆಗೆ ಓದಿದಳು. ಕೊನೆಯ ಸಾಲಿನಲ್ಲಿ ಆ ಮನೆಯವರು ಬರೆದಿದ್ದರು: ಅವರಿಗೆ ಮೈ ಹುಷಾರಿಲ್ಲದಂತೆ ಕಾಣುತ್ತದೆ, ಯಾರಾದರೂ ಬಂದು ನೋಡುವುದು ಒಳ್ಳೆಯದು.

ನವೆಂಬರಿನ ಕೊನೆಯ ಶುಕ್ರವಾರ ಫೋನು ಬಂತು.

"ನಾಳೆ ಹತ್ತೂವರೆಗೆ ಬನ್ನಿ," ಎಂದ ಆಲ್ವಿನ್. ಅಷ್ಟೇ.

ಗುಡ್ರುನ್ ಹೆಣೆದ ಸಿಹಿ ಬ್ರೆಡ್ಡೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಹತ್ತೂಕಾಲಿಗೇ ಬಂದಳು. ಎದುರಿನ ಫುಟ್‌ಪಾತು ಗೋಡೆಯ ಬುಡದಿಂದ ರಸ್ತೆಯ ಅಂಚಿನವರೆಗೆ ಬಾಚಿದಂತಿತ್ತು. ಪಕ್ಕದ ಮನೆಯ ಎಲೆಗಳು ಗಡಿಯ ಬಳಿ ಬಂದು ನಿಂತಿದ್ದವು. ಅವಳ ಬಳಿ ಕೀ ಇರಲಿಲ್ಲ. ಕರೆಗಂಟೆಯ ಪಟ್ಟಿಯಲ್ಲಿ ಮೇಲಿನ ಬಲಗಡೆ ಕಚೇರಿಯ ಹೆಸರಿದ್ದ ಜಾಗಕ್ಕೆ ಒಂದು ಹೊಸ ಚೀಟಿ ಅಂಟಿಸಿತ್ತು, ಲೈಬೋಲ್ಡ್ ಎಂದು, ಗೆರೆ ಎಳೆದಂತೆ ನೇರ ಅಕ್ಷರದಲ್ಲಿ. ಆ ಕೈಬರಹವನ್ನು ಅವಳು ಮೊದಲು ಎಲ್ಲಿ ನೋಡಿದ್ದಳೆಂದು ಯೋಚಿಸಬೇಕಾಗಿರಲಿಲ್ಲ. ಒತ್ತಿದಳು.

ಬಾಗಿಲ ಗಾಜಿನಾಚೆ ಆಲ್ವಿನ್ ಕಾಣಿಸಿದ. ತೋಳು ಮಡಿಸಿದ್ದ, ಮೊಣಕಾಲು ಒದ್ದೆ. ನೆಲಮಾಳಿಗೆಯಿಂದ ಹತ್ತಿ ಬಂದು, ಎರಡು ಬೆರಳ ನಡುವೆ ಏನನ್ನೋ ಹಿಡಿದು, ಫ್ರೌ ಐಸೆಲೆಯ ಮುಂದೆ ನಿಂತ.

"ಇದು ನಿಮ್ಮದಿರ್ಬೇಕು."

ಅವಳು ಬೆಂಕಿಕಡ್ಡಿಯನ್ನು ತೆಗೆದುಕೊಂಡು ಏಪ್ರನ್ನಿನ ಜೇಬಿಗೆ ಹಾಕಿದಳು. "ನಂದೇ," ಎಂದಳು. "ಇನ್ನೊಂದು?"

"ಇನ್ನೊಂದು ಇತ್ತಾ?"

"ಇರ್ಲಿಲ್ಲ. ಕೇಳ್ದೆ ಅಷ್ಟೆ." ಅವಳು ಒಳಗೆ ಹೋಗುತ್ತ ಬಾಗಿಲಾಚೆಗಿನ ಗುಡ್ರುನ್‌ಳನ್ನು ಗಾಜಿನಿಂದ ನೋಡಿ, ಒಂದು ಗಳಿಗೆ ನಿಂತು, ತಲೆಯನ್ನು ಒಂದು ನೂಲಿನಷ್ಟು ಬಗ್ಗಿಸಿದಳು. ನಮಸ್ಕಾರವೋ ತೀರ್ಪೋ ತಿಳಿಯಲಿಲ್ಲ.

ಆಲ್ವಿನ್ ಬಾಗಿಲನ್ನು ಒಂದು ಬೆರಳಷ್ಟು ತೆರೆದ. ಒಳಗಿನಿಂದ ಸೋಪಿನ ವಾಸನೆ ಬಂತು.

"ಬೇಗ ಬಂದ್ಬಿಟ್ರಿ."

"ಕಾಲು ಗಂಟೆ. ಹೆರ್ ಲೈಬೋಲ್ಡ್, ನಾನು ನಿಮಗೆ ಒಂದು ಮಾತು..." ಅವಳು ಐದು ವಾರ ಆ ಮಾತನ್ನು ಉರುಹೊಡೆದಿದ್ದಳು. ಕಾರಿನಲ್ಲಿ, ಸ್ನಾನದ ಮನೆಯಲ್ಲಿ, ಕಚೇರಿಯ ಲಿಫ್ಟಿನಲ್ಲಿ ಅದು ಪೂರ್ತಿ ಬರುತ್ತಿತ್ತು.

"ಆಮೇಲೆ," ಎಂದ ಅವನು. "ಕಾಗದ ಫೆಬ್ರವರಿಯಿಂದ ನನ್ನ ಹೆಸರಿಗೆ ಆಗುತ್ತಂತೆ. ಮಾಲೀಕರಿಗೆ ಅಜ್ಜಿ ಫೋನ್ ಮಾಡಿದ್ರು. ಕಾಫಿ ಇಟ್ಟಿದೀನಿ, ಕುಡಿಯೋರಂತೆ. ಮೆಟ್ಟಿಲು ಒದ್ದೆ ಇದೆ. ಒಣಗೋವರೆಗೆ ಯಾರೂ ತುಳಿಯೋ ಹಾಗಿಲ್ಲ."

"ಎಷ್ಟು ಹೊತ್ತಾಗುತ್ತೆ?"

ಅವನು ಹಿಂದೆ ತಿರುಗಿ ಮೆಟ್ಟಿಲನ್ನು ನೋಡಿದ, ಹಸಿ ಗಾರೆಯ ಗೋಡೆಯನ್ನು ನೋಡುವವನ ಹಾಗೆ. "ಈ ಚಳಿಗೆ, ಅರ್ಧ ಗಂಟೆ."

"ಇಲ್ಲೇ ನಿಲ್ತೀನಿ."

"ನಿಲ್ಲಿ."

ಬಾಗಿಲು ಮುಚ್ಚಿತು. ಗುಡ್ರುನ್ ಹೊರಗಿನ ಕಾಲೊರೆಸಿನ ಮೇಲೆ ನಿಂತಳು. ಬ್ರೆಡ್ಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು, ಬೆರಳು ಮರಗಟ್ಟುತ್ತಿದ್ದವು. ಬೂಟು ಚೊಕ್ಕಟವಾಗಿಯೇ ಇತ್ತು. ಆದರೂ ಒಮ್ಮೆ ಉಜ್ಜಿದಳು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಗಾಜಿಗೆ ಮುಖ ತಾಗಿಸಿ ನೋಡಿದರೆ ಮೊದಲ ಮೆಟ್ಟಿಲ ಮೂಲೆ ಕಾಣುತ್ತಿತ್ತು, ಅವಳು ಆರು ಸಲ ದಾಟಿ ಹೋದ ಮೂಲೆ. ಅಲ್ಲಿ ನೀರು ಇನ್ನೂ ಮಿನುಗುತ್ತಿತ್ತು.